ಮಗಳ ಹೊಟ್ಟೆನೋವು, ನನ್ನ ಬೆವರು, ಅಮ್ಮನ ಮೂಳೆ: ಔಷಧವಿಲ್ಲದೆ ಎಷ್ಟು ಸಾಧ್ಯ?

ಪ್ರಶ್ನೆ

ನಮ್ಮ ಮನೆಯಲ್ಲಿ ಮೂರು ತಲೆಮಾರಿನ ಹೆಂಗಸರು ಒಟ್ಟಿಗಿದ್ದೇವೆ, ಮೂವರಿಗೂ ಒಂದೊಂದು ತೊಂದರೆಯಿದೆ. 15 ವರ್ಷದ ಮಗಳು ಪ್ರತಿ ತಿಂಗಳೂ ಮುಟ್ಟಿನ ಮೊದಲೆರಡು ದಿನ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುತ್ತಾಳೆ. 48 ವರ್ಷದ ನನಗೆ ಮುಟ್ಟು ಏರುಪೇರಾಗಿ ಏಳು ತಿಂಗಳಾಯಿತು. ರಾತ್ರಿ ಎರಡು ಮೂರು ಸಲ ಮೈಯೆಲ್ಲ ಕಾದು, ಬೆವರಿ, ಎಚ್ಚರವಾಗುತ್ತದೆ. ಕೆಮ್ಮಿದರೆ ಮೂತ್ರ ಸೋರುವ ಸಮಸ್ಯೆ ಎರಡನೆಯ ಹೆರಿಗೆಯ ನಂತರ ಶುರುವಾದದ್ದು. ಇಷ್ಟು ವರ್ಷ ಅದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಕೊಂಡವಳಲ್ಲ. 72 ವರ್ಷದ ಅಮ್ಮನಿಗೆ ಮೂಳೆಯ ಸಾಂದ್ರತೆ ಕಡಿಮೆಯಾಗಿದೆ ಎಂದು ಸ್ಕ್ಯಾನ್‌ನಲ್ಲಿ ತಿಳಿದ ಮೇಲೆ ಅವರು ಅರ್ಧ ಬಕೆಟ್ ನೀರನ್ನೂ ಎತ್ತಲು ಹೆದರುತ್ತಾರೆ.

ನಾನು ಔಷಧದ ವಿರೋಧಿಯಲ್ಲ. ಅಮ್ಮ ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆ. ಆದರೆ ಔಷಧವಲ್ಲದ ಉಪಾಯಗಳ ಬಗ್ಗೆ ಓದಲು ಹೊರಟರೆ ಯೋಗ, ಉಸಿರಾಟ, ನಡಿಗೆ, ಧ್ಯಾನ ಎಂಬ ಅವೇ ನಾಲ್ಕು ಮಾತುಗಳು ಎಲ್ಲ ವಯಸ್ಸಿಗೂ ಎಲ್ಲ ತೊಂದರೆಗೂ ಎದುರಾಗುತ್ತವೆ. ಯಾವ ತೊಂದರೆಗೆ ಯಾವುದು, ಎಷ್ಟು ದಿನ ಮಾಡಿದರೆ, ಎಷ್ಟರ ಮಟ್ಟಿಗೆ ಫಲ ಕೊಡುತ್ತದೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1

ನಾನು ಫಿಸಿಯೋಥೆರಪಿಸ್ಟ್; ಹೆರಿಗೆಯಾದವರ ಜೊತೆಯಲ್ಲೇ ನನ್ನ ಹೆಚ್ಚಿನ ಕೆಲಸ. ನೀವು ಸಂಕೋಚದಿಂದ ಹೇಳಿದ್ದನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಪಟ್ಟಿಯಲ್ಲಿ ಔಷಧವಿಲ್ಲದೆ ಅತಿ ಹೆಚ್ಚು ಫಲ ಸಿಗುವುದು ಅದಕ್ಕೇ. ಕೆಮ್ಮು, ಸೀನು, ನಗು, ಜಿಗಿತಗಳಲ್ಲಿ ಮೂತ್ರ ಸೋರುವುದಕ್ಕೆ ಮೊದಲ ಚಿಕಿತ್ಸೆಯೇ ಪೆಲ್ವಿಕ್ ಫ್ಲೋರ್ ಸ್ನಾಯುಗಳ, ಅಂದರೆ ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹೊತ್ತು ಹಿಡಿದಿರುವ ಸ್ನಾಯುಗಳ, ವ್ಯಾಯಾಮ. ಅಮೆರಿಕದ ಸ್ತ್ರೀರೋಗ ತಜ್ಞ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಇದರ ಬಗ್ಗೆ ಬರೆದರು, ಹಾಗಾಗಿ ಅವರ ಹೆಸರೇ ಅದಕ್ಕೆ ಅಂಟಿಕೊಂಡಿದೆ. ಹಲವು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದ 2018ರ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕ ಸಂಸ್ಥೆಯ ಪರಾಮರ್ಶೆಯಲ್ಲಿ, ಈ ಬಗೆಯ ಸೋರಿಕೆಯಿದ್ದು ವ್ಯಾಯಾಮ ಮಾಡಿದವರ ಪೈಕಿ ಶೇ. 56ರಷ್ಟು ಮಂದಿ ತಮಗೆ ಗುಣವಾಯಿತು ಎಂದರೆ, ಮಾಡದವರಲ್ಲಿ ಹಾಗೆ ಹೇಳಿದವರು ಶೇ. 6 ಮಾತ್ರ.

ತೊಡಕಿರುವುದು ಸರಿಯಾದ ಸ್ನಾಯುವನ್ನು ಹುಡುಕಿಕೊಳ್ಳುವುದರಲ್ಲಿ. ಮಂಡಿ ಮಡಚಿ ಅಂಗಾತ ಮಲಗಿ, ಗುದದ್ವಾರದಿಂದ ಗಾಳಿ ಹೊರಹೋಗದಂತೆ ತಡೆಯುವಾಗ ಹೇಗೆ ಬಿಗಿಹಿಡಿಯುತ್ತೀರೋ ಹಾಗೆ ಬಿಗಿಹಿಡಿದು, ಆ ಬಿಗಿತವನ್ನು ಮುಂದಕ್ಕೂ ಮೇಲಕ್ಕೂ ಎಳೆದುಕೊಳ್ಳಿ. ತೊಡೆ, ಪೃಷ್ಠ, ಹೊಟ್ಟೆಯ ಮೇಲ್ಭಾಗ ಗಟ್ಟಿಯಾಗಬಾರದು, ಉಸಿರು ನಿಲ್ಲಬಾರದು. ಆರರಿಂದ ಎಂಟು ಸೆಕೆಂಡ್ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲಬಿಡಿ. ಹೀಗೆ ಕನಿಷ್ಠ ಎಂಟು ಸಲ, ದಿನಕ್ಕೆ ಮೂರು ಹೊತ್ತು, ಮೂರು ತಿಂಗಳು ಮಾಡಬೇಕು. ಮೂರು ವಾರ ಮಾಡಿ ಏನೂ ಆಗಲಿಲ್ಲ ಎಂದು ಬಿಟ್ಟವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಸ್ನಾಯು ಬಲಿಯುವುದಕ್ಕೆ ಅದು ತಕ್ಕ ಸಮಯವೇ ಅಲ್ಲ. ಮೂತ್ರ ವಿಸರ್ಜಿಸುತ್ತಿರುವಾಗಲೇ ನಡುವೆ ತಡೆದು ಅಭ್ಯಾಸ ಮಾಡುವ ಸಲಹೆಯೂ ಚಾಲ್ತಿಯಲ್ಲಿದೆ, ಅದನ್ನು ರೂಢಿ ಮಾಡಿಕೊಳ್ಳಬೇಡಿ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ಸ್ನಾಯು ಕೈಗೆ ಸಿಕ್ಕ ಮೇಲೆ ಇನ್ನೊಂದು ಚಾಕಚಕ್ಯತೆಯನ್ನು ಕಲಿಯಿರಿ: ಸೀನು ಬರುತ್ತಿದೆ ಎಂದು ಅನಿಸಿದ ಕ್ಷಣದಲ್ಲೇ, ಸೀನುವ ಮೊದಲು, ಬಿಗಿಹಿಡಿಯುವುದು. ಬಸಿರಿನ ಆರಂಭದಲ್ಲಿಯೇ ಇದನ್ನೆಲ್ಲ ಹೇಳಿಕೊಟ್ಟರೆ ತಿಂಗಳು ತುಂಬುವ ಹೊತ್ತಿಗೆ ಸೋರಿಕೆಯಾಗುವವರ ಸಂಖ್ಯೆ ಕಡಿಮೆಯಾಗುತ್ತದೆ ಎಂಬುದಕ್ಕೂ ಆಧಾರವಿದೆ, ಆದರೂ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ನಿಮ್ಮ ಹಾಗೆ ಹತ್ತು ಹದಿನೈದು ವರ್ಷ ಮುಚ್ಚಿಟ್ಟುಕೊಂಡು ಬಂದವರು.

ಉತ್ತರ 2

ನಿಮ್ಮ ಮಗಳ ವಿಷಯಕ್ಕೆ ಬರುತ್ತೇನೆ; ನಾನೂ ಆ ನೋವನ್ನು ಇಪ್ಪತ್ತು ವರ್ಷ ಉಂಡವಳು. ಮುಟ್ಟಿನ ಹೊತ್ತಿಗೆ ಗರ್ಭಕೋಶದ ಒಳಪದರ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತದೆ. ಅವು ಹೆಚ್ಚಾದಷ್ಟೂ ಗರ್ಭಕೋಶ ಜೋರಾಗಿ ಹಿಂಡಿಕೊಳ್ಳುತ್ತದೆ, ರಕ್ತಸಂಚಾರ ತಗ್ಗುತ್ತದೆ, ನೋವು ಏರುತ್ತದೆ. ಇದಕ್ಕೆ ಬಿಸಿ ಶಾಖ ಬರೀ ಸಮಾಧಾನದ ಉಪಾಯವಲ್ಲ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸುಮಾರು 39 ಡಿಗ್ರಿ ಸೆಲ್ಸಿಯಸ್‌ನ ಹದವಾದ ಶಾಖವನ್ನು ದಿನಕ್ಕೆ 12 ಗಂಟೆಯಂತೆ ಎರಡು ದಿನ ಕಿಬ್ಬೊಟ್ಟೆಯ ಮೇಲಿಟ್ಟಾಗ, ಅದು ಐಬುಪ್ರೊಫೆನ್ ಎಂಬ ನೋವು ನಿವಾರಕದ 400 ಮಿಲಿಗ್ರಾಂ ಮಾತ್ರೆಯಷ್ಟೇ ನೋವು ಇಳಿಸಿತು. ಹದವಾದ, ಬಿಡದೆ ಸಿಗುವ ಶಾಖ ಎಂಬುದು ಇಲ್ಲಿ ಮುಖ್ಯ. ಕುದಿಬಿಸಿ ಚೀಲವನ್ನು ಬರಿ ಚರ್ಮಕ್ಕೆ ಒತ್ತಿ ಹೊಟ್ಟೆಯ ಮೇಲೆ ಬಲೆಯಂಥ ಕಂದು ಕಲೆ ಮಾಡಿಕೊಂಡವಳು ನಾನು. ನಡುವೆ ಬಟ್ಟೆಯಿರಲಿ, ಅದನ್ನಿಟ್ಟುಕೊಂಡು ನಿದ್ದೆ ಹೋಗದಿರಲಿ.

ವ್ಯಾಯಾಮವೂ ಕೆಲಸ ಮಾಡುತ್ತದೆ, ಆದರೆ ನೋವು ಬಂದ ದಿನ ಶುರು ಮಾಡುವುದಲ್ಲ. ತಿಂಗಳಿಡೀ, ವಾರಕ್ಕೆ ಮೂರು ಸಲವಾದರೂ, ಪ್ರತಿ ಸಲ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮಾಡುವುದು. ಓಟವೋ ಯೋಗವೋ ಎಂಬುದು ಅಷ್ಟು ಮುಖ್ಯವಲ್ಲ ಎಂದು 2019ರ ಪರಾಮರ್ಶೆಯೊಂದು ಹೇಳುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಪ್ರತಿ ತಿಂಗಳೂ ಶಾಲೆ ತಪ್ಪುತ್ತಿದ್ದರೆ, ಮುಟ್ಟಿಲ್ಲದ ದಿನಗಳಲ್ಲೂ ನೋವಿದ್ದರೆ, ಮಲವಿಸರ್ಜನೆಯ ಹೊತ್ತಿಗೆ ನೋವು ಹೆಚ್ಚಿದರೆ, ಗಂಟೆಗೊಂದು ಪ್ಯಾಡ್ ತೊಯ್ದುಹೋಗುತ್ತಿದ್ದರೆ, ಶಾಖ ಕೊಡುತ್ತಾ ಕೂರದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ನನ್ನದು ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ) ಎಂದು ಗೊತ್ತಾಗುವ ಹೊತ್ತಿಗೆ ನನಗೆ ಮೂವತ್ತೈದು ದಾಟಿತ್ತು. ಅಲ್ಲಿಯವರೆಗೆ 'ಮದುವೆಯಾದ ಮೇಲೆ ಸರಿಹೋಗುತ್ತದೆ' ಎಂದವರಲ್ಲಿ ಇಬ್ಬರು ವೈದ್ಯರೂ ಇದ್ದರು.

ಉತ್ತರ 3

ಬೆವರಿನ ಬಗ್ಗೆ ನಾನು ಹೇಳುವುದು ಹಲವರಿಗೆ ಹಿಡಿಸಲಿಕ್ಕಿಲ್ಲ. ಮುಟ್ಟು ನಿಲ್ಲುವ ಕಾಲದ ಬಿಸಿಯಲೆಗಳಿಗೆ ಹಾರ್ಮೋನೇತರ ಚಿಕಿತ್ಸೆಗಳನ್ನೆಲ್ಲ ಪರಿಶೀಲಿಸಿ ಉತ್ತರ ಅಮೆರಿಕದ ಮೆನೋಪಾಸ್ ಸೊಸೈಟಿ 2023ರಲ್ಲಿ ಒಂದು ನಿಲುವನ್ನು ಪ್ರಕಟಿಸಿತು. ಔಷಧವಲ್ಲದವುಗಳ ಪೈಕಿ ಅದು ಮುಖ್ಯವಾಗಿ ಶಿಫಾರಸು ಮಾಡಿದ್ದು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ (ಯೋಚನೆ, ನಡವಳಿಕೆಗಳನ್ನು ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ), ಕ್ಲಿನಿಕಲ್ ಹಿಪ್ನೋಸಿಸ್ ಮತ್ತು ತೂಕ ಹೆಚ್ಚಿರುವವರಿಗೆ ತೂಕ ಇಳಿಕೆ. ಬಿಸಿಯಲೆಗಳನ್ನು ತಗ್ಗಿಸಲೆಂದು ಯೋಗ, ನಿಧಾನ ಉಸಿರಾಟ, ಅಕ್ಯುಪಂಕ್ಚರ್, ವ್ಯಾಯಾಮ, ಗಿಡಮೂಲಿಕೆಯ ಪೂರಕಗಳು ಇವ್ಯಾವುದನ್ನೂ ಅದು ಶಿಫಾರಸು ಮಾಡಲಿಲ್ಲ. ಯೋಗದಿಂದ ಬೇರೆ ಲಾಭವಿಲ್ಲ ಎಂದು ಇದರ ಅರ್ಥವಲ್ಲ. ಈ ಒಂದು ತೊಂದರೆಗೆ ಅದು ಉತ್ತರವೆಂದು ತೋರಿಸುವ ಸಾಕ್ಷ್ಯ ಇಲ್ಲ ಎಂದಷ್ಟೇ.

ಹಿಪ್ನೋಸಿಸ್ ಎಂದರೆ ವೇದಿಕೆಯ ಮೇಲಿನ ಆಟವಲ್ಲ. ತರಬೇತಿ ಪಡೆದವರು ವಾರಕ್ಕೊಂದರಂತೆ ಐದು ಸಲ ಕೂರಿಸಿ, ತಂಪಿನ ಚಿತ್ರಗಳನ್ನು ಮನಸ್ಸಿಗೆ ತಂದುಕೊಳ್ಳುವ ಅಭ್ಯಾಸ ಮಾಡಿಸುತ್ತಾರೆ. 2013ರ ಒಂದು ಪ್ರಯೋಗದಲ್ಲಿ 12ನೆಯ ವಾರಕ್ಕೆ ಬಿಸಿಯಲೆಗಳು ಸರಾಸರಿ ಶೇ. 74ರಷ್ಟು ತಗ್ಗಿದವು, ಹೋಲಿಕೆಯ ಗುಂಪಿನಲ್ಲಿ ಶೇ. 17 ಮಾತ್ರ. ಕಾಗ್ನಿಟಿವ್ ಥೆರಪಿಯ ಪರಿಣಾಮ ಬೇರೆ ಬಗೆಯದು: ಬಿಸಿಯಲೆಗಳ ಎಣಿಕೆ ಅಷ್ಟಾಗಿ ಇಳಿಯದಿದ್ದರೂ ಅವುಗಳ ಕಾಟ ಇಳಿಯುತ್ತದೆ, ನಿದ್ದೆ ಸುಧಾರಿಸುತ್ತದೆ. ನಾನು ಇದನ್ನು ಮಾಡಿದ್ದೇನೆ. ಮೊದಲು ರಾತ್ರಿ ಮೈ ಕಾಯುತ್ತಿದ್ದಂತೆ 'ಮುಗಿಯಿತು, ಇನ್ನು ಬೆಳಗಿನವರೆಗೆ ನಿದ್ದೆಯಿಲ್ಲ, ನಾಳಿನ ಕೆಲಸ ಕೆಟ್ಟಿತು' ಎಂಬ ಲೆಕ್ಕ ತಲೆಯಲ್ಲಿ ಓಡಲಾರಂಭಿಸುತ್ತಿತ್ತು. ಅಲೆ ನಾಲ್ಕು ನಿಮಿಷದಲ್ಲಿ ಇಳಿದರೂ ಆ ಲೆಕ್ಕ ನನ್ನನ್ನು ಎರಡು ಗಂಟೆ ಎಚ್ಚರವಾಗಿಡುತ್ತಿತ್ತು. ಈಗ ಅಲೆ ಬರುತ್ತದೆ, ಹೊದಿಕೆ ಸರಿಸುತ್ತೇನೆ, ಹೆಚ್ಚಿನ ದಿನ ಮತ್ತೆ ನಿದ್ದೆ ಹತ್ತುತ್ತದೆ.

ಇದೂ ಸಾಲದಿದ್ದರೆ ಹಾರ್ಮೋನ್ ಚಿಕಿತ್ಸೆಯ ಮಾತನ್ನು ವೈದ್ಯರೊಡನೆ ಎತ್ತಲು ಹಿಂಜರಿಯಬೇಡಿ. ಹಾಗೆಯೇ, ಒಂದು ವರ್ಷ ಪೂರ್ತಿ ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತಪಾಸಣೆ ಮಾಡಿಸಲೇಬೇಕು.

ಉತ್ತರ 4

ಅಮ್ಮನ ಬಗ್ಗೆ ಯಾರೂ ಹೇಳಲಿಲ್ಲ. ಮೂಳೆ ತನ್ನ ಮೇಲೆ ಬಿದ್ದ ಭಾರಕ್ಕೆ ತಕ್ಕಂತೆ ಗಟ್ಟಿಯಾಗುವ ಜೀವಂತ ವಸ್ತು. ಭಾರವನ್ನೇ ಎತ್ತದೆ ಕಾಪಾಡಿಕೊಳ್ಳುತ್ತೇನೆ ಎಂದರೆ ಅದು ಇನ್ನಷ್ಟು ಸವೆಯುತ್ತದೆ. ಆಸ್ಟ್ರೇಲಿಯಾದಲ್ಲಿ ನಡೆದ ಲಿಫ್ಟ್‌ಮೋರ್ ಎಂಬ ಪ್ರಯೋಗದಲ್ಲಿ, ಮುಟ್ಟು ನಿಂತು ಮೂಳೆ ಸವೆದಿದ್ದ 101 ಮಹಿಳೆಯರಲ್ಲಿ ಒಂದು ಗುಂಪಿನವರು ವಾರಕ್ಕೆ ಎರಡು ಸಲ, ಅರ್ಧ ಗಂಟೆ, ಎಂಟು ತಿಂಗಳು ನಿಜಕ್ಕೂ ಭಾರವಾದ ತೂಕಗಳನ್ನೇ ಎತ್ತಿದರು. ಅವರ ಸೊಂಟದ ಬೆನ್ನೆಲುಬಿನ ಸಾಂದ್ರತೆ ಶೇ. 2.9ರಷ್ಟು ಏರಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು ಶೇ. 1.2ರಷ್ಟು ಇಳಿಯಿತು. ಆದರೆ ಅವರಿಗೆ ಪ್ರತಿ ಸಲವೂ ಪಕ್ಕದಲ್ಲಿ ತರಬೇತುದಾರರಿದ್ದರು, ಮೊದಲ ತಿಂಗಳು ಬರೀ ಭಂಗಿ ಕಲಿಯುವುದರಲ್ಲೇ ಕಳೆದಿತ್ತು. ನಿಮ್ಮ ಅಮ್ಮನ ಬೆನ್ನುಮೂಳೆಯಲ್ಲಿ ಈಗಾಗಲೇ ಬಿರುಕಿಲ್ಲವೆಂದು ಖಚಿತಪಡಿಸಿಕೊಂಡು, ಕುರ್ಚಿಯಿಂದ ಕೈಯೂರದೆ ಏಳುವುದು, ಗೋಡೆಯ ಪಕ್ಕದಲ್ಲಿ ಒಂಟಿಕಾಲಲ್ಲಿ ನಿಲ್ಲುವುದು ಇಂಥವುಗಳಿಂದ ಶುರು ಮಾಡಿಸಿ. ಮಾತ್ರೆ ನಿಲ್ಲಿಸುವ ಪ್ರಶ್ನೆಯೇ ಇಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮಗಳನ್ನು ಮುಂದಿನ ವಾರ ತೋರಿಸುತ್ತಿದ್ದೇವೆ, ಅವಳಿಗೆ ಮುಟ್ಟಿಲ್ಲದ ದಿನಗಳಲ್ಲೂ ನೋವಿರುತ್ತದೆ ಎಂಬುದು ನಿನ್ನೆ ಕೇಳಿದಾಗಲೇ ನನಗೆ ತಿಳಿದದ್ದು. ಮೊದಲ ಉತ್ತರ ಕೊಟ್ಟವರಲ್ಲಿ ಒಂದು ಸಂದೇಹ: ನಾನು ಬಿಗಿಹಿಡಿದಾಗ ಹೊಟ್ಟೆ ಉಬ್ಬುತ್ತದೆ, ಉಸಿರೂ ಕಟ್ಟಿದಂತಾಗುತ್ತದೆ. ಇದು ಸರಿಯೇ?

ಉತ್ತರ 1 ಬರೆದವರು

ಸರಿಯಲ್ಲ. ನೀವು ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ತಳ್ಳುತ್ತಿದ್ದೀರಿ, ಹೀಗೆಯೇ ಮುಂದುವರಿದರೆ ಸೋರಿಕೆ ಹೆಚ್ಚಬಹುದು. ಬಾಯಿಯಿಂದ ನಿಧಾನವಾಗಿ ಉಸಿರು ಹೊರಬಿಡುತ್ತಾ ಅರ್ಧ ಬಲದಲ್ಲಿ ಮಾತ್ರ ಬಿಗಿಹಿಡಿದು ನೋಡಿ. ಎಂಟು ಸೆಕೆಂಡ್ ಆಗದಿದ್ದರೆ ಎರಡೇ ಸೆಕೆಂಡ್ ಸಾಕು. ವಾರದ ನಂತರವೂ ಹೊಟ್ಟೆ ಉಬ್ಬುತ್ತಿದ್ದರೆ, ಈ ಸ್ನಾಯುಗಳನ್ನು ಪರೀಕ್ಷಿಸಿ ನೋಡಬಲ್ಲ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಒಮ್ಮೆ ಕಾಣಿರಿ.