ಎದೆಯ ಗಾಯದ ತುರ್ತು ಶಸ್ತ್ರಚಿಕಿತ್ಸೆಯಲ್ಲಿ ಎಕ್ಮೋ: ರಕ್ತಸ್ರಾವದ ಭಯಕ್ಕೆ ಉತ್ತರವೇನು?

ಪ್ರಶ್ನೆ (ಅರಿವಳಿಕೆ ವಿಭಾಗದ ವಿದ್ಯಾರ್ಥಿನಿ, ಉಡುಪಿ):
ರಾಷ್ಟ್ರೀಯ ಹೆದ್ದಾರಿ 66ರ ಅಪಘಾತಗಳಲ್ಲಿ ಎದೆ ಜಜ್ಜಿ ಬರುವ ಕೆಲವರಿಗೆ ಮುಖ್ಯ ಶ್ವಾಸನಾಳವೇ ಹರಿದಿರುತ್ತದೆ. ವೆಂಟಿಲೇಟರ್ ಕೊಟ್ಟ ಗಾಳಿ ಶ್ವಾಸಕೋಶ ತಲುಪದೆ ಸೋರಿಹೋಗುತ್ತದೆ. ಇಂಥವರಿಗೆ ಎಕ್ಮೋ (ದೇಹದ ಹೊರಗೆ ರಕ್ತಕ್ಕೆ ಆಮ್ಲಜನಕ ಸೇರಿಸುವ ಯಂತ್ರ) ನೆರವಿನಲ್ಲಿ ಶಸ್ತ್ರಚಿಕಿತ್ಸೆ ಮಾಡಬಹುದೇ ಸರ್? ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಔಷಧಿ ಕೊಟ್ಟರೆ ರಕ್ತಸ್ರಾವ ಹೆಚ್ಚುವುದಿಲ್ಲವೇ?

ಉತ್ತರ (ಎದೆ ಶಸ್ತ್ರಚಿಕಿತ್ಸಕ, ಮಂಗಳೂರು):
ಖಂಡಿತ ಮಾಡಬಹುದು. ತೊಡೆಯ ಅಭಿಧಮನಿಯಿಂದ ರಕ್ತ ತೆಗೆದು, ಕೃತಕ ಶ್ವಾಸಕೋಶದಲ್ಲಿ (ಆಕ್ಸಿಜನೇಟರ್) ಆಮ್ಲಜನಕ ಸೇರಿಸಿ, ಕುತ್ತಿಗೆಯ ಅಭಿಧಮನಿಗೆ ಮರಳಿಸಿದರೆ, ಗಾಯವಾದ ಬದಿಯ ಶ್ವಾಸಕೋಶವನ್ನು ಸುಮ್ಮನಿರಿಸಿ ಹರಿದ ನಾಳವನ್ನು ಸಾವಧಾನವಾಗಿ ಹೊಲಿಯಲು ಅವಕಾಶ ಸಿಗುತ್ತದೆ. ಹೆಪಾರಿನ್ ಲೇಪಿತ ಕೊಳವೆಗಳಿದ್ದು ಹರಿವು ಚೆನ್ನಾಗಿದ್ದರೆ ಮೊದಲ ಗಂಟೆಗಳಲ್ಲಿ, ಕೆಲವೊಮ್ಮೆ ದಿನಗಳವರೆಗೂ, ಹೆಪಾರಿನ್ ಹನಿಸದೆಯೇ ನಡೆಸಬಹುದು. ಆದರೆ ಆಕ್ಸಿಜನೇಟರಿನ ಮೂಲೆಗಳಲ್ಲಿ ಕಪ್ಪು ಹೆಪ್ಪು ಕಾಣುತ್ತಿದೆಯೇ ಎಂದು ಟಾರ್ಚ್ ಹಿಡಿದು ನೋಡುತ್ತಲೇ ಇರಬೇಕು. 1972ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ಡೊನಾಲ್ಡ್ ಹಿಲ್ ಮತ್ತು ಸಂಗಡಿಗರು ವರದಿ ಮಾಡಿದ, ವಯಸ್ಕರಲ್ಲಿನ ಮೊದಲ ಯಶಸ್ಸೂ ವಾಹನ ಅಪಘಾತದ ಗಾಯಾಳುವಿನದೇ. ಆತನಿಗೆ 75 ಗಂಟೆ ಈ ಆಸರೆ ದೊರೆತಿತ್ತು.

ಉತ್ತರ (ಪರ್ಫ್ಯೂಷನಿಸ್ಟ್, ಅಂದರೆ ಎಕ್ಮೋ ಯಂತ್ರ ನಡೆಸುವ ತಜ್ಞ, ಮಂಗಳೂರು):
ಡಾಕ್ಟರರ ಮಾತಿಗೆ ಒಂದು ಸೇರ್ಪಡೆ. ಹೃದಯವೂ ಸೋತಿದ್ದರೆ ಅಭಿಧಮನಿಗೆ ಮರಳಿಸುವ ಈ ವಿಧಾನ ಸಾಲದು, ರಕ್ತವನ್ನು ಅಪಧಮನಿಗೇ ಮರಳಿಸಬೇಕಾಗುತ್ತದೆ. ರಕ್ತ ಸೋರುವ ಗಾಯವನ್ನು ತಡೆಯದೆ ಯಂತ್ರವನ್ನೇ ನಂಬುವುದು ಅಪಾಯಕಾರಿ: ರಕ್ತನಾಳ ಬರಿದಾದಂತೆ ಕೊಳವೆ ಅದುರತೊಡಗುತ್ತದೆ, ಹರಿವು ಕುಸಿಯುತ್ತದೆ, ಆಗ ಪಂಪಿನ ವೇಗ ಹೆಚ್ಚಿಸದೆ ರಕ್ತ ಕೊಡಬೇಕು.