ಏಳು ವರ್ಷದವಳಿಗೆ ಸಾಧಕರ ಚಿತ್ರಪುಸ್ತಕ: ನಿಮ್ಮ ಮನೆಯಲ್ಲಿ ಯಾವುದು ಹಿಡಿಸಿತು?

ಕಾವೂರಿನ ಅಮ್ಮ ಕೇಳಿದ್ದು:
ಮಗಳಿಗೆ ಏಳು ತುಂಬಿತು. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದ್ತಾಳೆ. ಸಾಧಕರ ಕಥೆ ಓದಿಸುವ ಅಂತ ಬಣ್ಣದ ಪುಸ್ತಕಗಳ ಒಂದು ಸೆಟ್ ತಂದೆ. "ಬಡ ಕುಟುಂಬದಲ್ಲಿ ಜನಿಸಿದರು" ಅನ್ನುವಲ್ಲಿಗೆ ಮುಚ್ಚಿಟ್ಟು ಓಡ್ತಾಳೆ. ನಿಮ್ಮ ಮಕ್ಕಳು ಯಾವುದನ್ನು ಮತ್ತೆ ಮತ್ತೆ ಓದಿಸಿಕೊಂಡರು?

ಉಡುಪಿಯಿಂದ, ಪ್ರೈಮರಿ ಟೀಚರ್:
ಅಂಥದ್ದೇ ಒಂದು ಸೆಟ್ ನಮ್ಮಲ್ಲೂ ಉಂಟು. ಪೇಟ ತೆಗೆದರೆ ಎಲ್ಲರದ್ದೂ ಒಂದೇ ಮುಖ! ಹುಟ್ಟು, ಓದು, ಪ್ರಶಸ್ತಿ, ಸಾವು ಎಲ್ಲ ಹದಿನಾರು ಪುಟಕ್ಕೆ ತುರುಕಿದ್ದು ಭಾಷಣ ಸ್ಪರ್ಧೆಗೆ ಆದೀತು, ಮಗುವಿಗಲ್ಲ. ನಾನು ಅಂಗಡಿಯಲ್ಲಿ ನಡುವಿನ ಪುಟ ತೆರೆದು ನೋಡುವುದು. ಅಲ್ಲಿ ಆ ಮನುಷ್ಯ ಕೈಯಲ್ಲಿ ಏನಾದರೂ ಮಾಡ್ತಾ ಇರಬೇಕು. ಸುಮ್ಮನೆ ಆಶೀರ್ವಾದ ಮಾಡುವವರ ಹಾಗೆ ನಿಂತಿದ್ದರೆ ವಾಪಸ್ ಇಡ್ತೇನೆ.

ನಮ್ಮ ಕ್ಲಾಸಿನಲ್ಲಿ ಗೆದ್ದದ್ದು ಅನ್ನಾ ಮಣಿ. 1918ರಲ್ಲಿ ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿದ ಹವಾಮಾನ ವಿಜ್ಞಾನಿ. ಎಂಟನೇ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಲು ಬಂದರೆ, ಅದು ಬೇಡ, ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಬೇಕು ಅಂದವರು. ಇದನ್ನು ಹೇಳಿದಾಗ ನಮ್ಮ ಹುಡುಗಿಯರಲ್ಲಿ ಎರಡು ಪಂಗಡ ಆಯ್ತು, ಓಲೆಯ ಪಕ್ಷಕ್ಕೇ ಬಹುಮತ. ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳನ್ನು ಹೊರದೇಶದಿಂದ ತರಿಸುವ ಬದಲು ಇಲ್ಲೇ ಮಾಡಿಸಿದವರು ಅವರು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಅವರ ಮೇಲೆ ಚಿತ್ರಪುಸ್ತಕ ಉಂಟು, ಹಣ ಕೊಡಬೇಕಾಗಿಲ್ಲ. ನಾನು ಇಂಗ್ಲಿಷಿನದ್ದು ತೆರೆದು ಕನ್ನಡದಲ್ಲಿ ಹೇಳಿದೆ.

ಮರುದಿನ ಆಟಿ ತಿಂಗಳ ಜಡಿಮಳೆ. ಬಾಟಲಿಯ ತಲೆ ಕತ್ತರಿಸಿ, ಅದನ್ನೇ ಬೋರಲಾಗಿ ಬಾಯಿಗೆ ಕೂರಿಸಿ, ಸ್ಕೇಲು ಅಂಟಿಸಿ ಹೊರಗಿಟ್ಟೆವು. ಹವಾಮಾನ ಇಲಾಖೆಯವರ ಹಾಗೆ ಬೆಳಗ್ಗೆ 8.30ಕ್ಕೆ ಲೆಕ್ಕ. ಮೊದಲ ದಿನವೇ ಬಾಟಲಿ ತುಂಬಿ ಹರಿದು ನಾನು ಬೆಪ್ಪಾದೆ. ಎರಡನೇ ಕ್ಲಾಸಿನ ಹುಡುಗನೊಬ್ಬ ಮೇಲೆ ಸೂರಿನತ್ತ ಕೈ ತೋರಿಸಿದ: "ಟೀಚರ್, ಅದು ಮಾಡಿನ ನೀರು."

ಇನ್ನೊಂದು, ಪುಸ್ತಕದೊಳಗಿನ ಮಾತುಕತೆ ಎಲ್ಲ ನಿಜ ಅಂತ ಮಕ್ಕಳು ನಂಬ್ತಾರೆ. ನಿಜ ಎಷ್ಟು, ಸೇರಿಸಿದ್ದು ಎಷ್ಟು ಅಂತ ಲೇಖಕರು ಕೊನೆಯ ಪುಟದಲ್ಲಿ ಹೇಳಿದ್ದರೆ ಅಂಥದ್ದನ್ನೇ ತಗೊಳ್ಳಿ.

ಸುರತ್ಕಲ್‌ನಿಂದ, ಇಬ್ಬರು ಹುಡುಗರ ಅಪ್ಪ:
ನಮ್ಮವರು ಕೂತು ಕೇಳುವ ಜಾತಿಯೇ ಅಲ್ಲ ಮಾರಾಯ್ರೆ. ಅವರನ್ನು ಹಿಡಿದು ಕೂರಿಸಿದ್ದು ಹಿಮಾಲಯದ ಕುಮಾವೂಂನ ನೈನ್ ಸಿಂಗ್ ರಾವತ್. ಬ್ರಿಟಿಷರ ಸರ್ವೇಗಾಗಿ ವೇಷ ಮರೆಸಿಕೊಂಡು ಟಿಬೆಟ್ಟಿಗೆ ನಡೆದು 1866ರಲ್ಲಿ ಲ್ಹಾಸಾ ಮುಟ್ಟಿದವ. ದಾರಿ ಅಳೆದದ್ದು ಹೆಜ್ಜೆ ಎಣಿಸಿ! ಜಪಮಾಲೆಯಲ್ಲಿ 108ರ ಬದಲು 100 ಮಣಿ, ನೂರು ಹೆಜ್ಜೆಗೆ ಒಂದು ಮಣಿ. ಬರೆದ ಚೀಟಿ, ಬೌದ್ಧರು ಕೈಯಲ್ಲಿ ತಿರುಗಿಸುವ ಪ್ರಾರ್ಥನಾಚಕ್ರದ ಒಳಗೆ. ನನಗೆ ಪುಸ್ತಕ ಸಿಗಲಿಲ್ಲ, ಹಳೇ ಕ್ಯಾಲೆಂಡರಿನ ಹಿಂದೆ ನಕ್ಷೆ ಗೀಚಿ ಹೇಳಿದ್ದು.

ಸಂಜೆ ಬೀಚಿನಲ್ಲಿ ಇಬ್ಬರೂ ಜೇಬಲ್ಲಿ ಹುಣಸೆಬೀಜ ಹಾಕಿಕೊಂಡು ಹೊರಟರು, ನೂರು ಹೆಜ್ಜೆಗೆ ಒಂದು ಬೀಜ ಈ ಜೇಬಿಂದ ಆ ಜೇಬಿಗೆ. ದೊಡ್ಡವನದ್ದು ಏಳು, ಸಣ್ಣವನದ್ದು ಹತ್ತು. ಅಲ್ಲೇ ಜಗಳ. ಒಂದೇ ಅಳತೆಯ ಹೆಜ್ಜೆ ಹಾಕಲು ನೈನ್ ಸಿಂಗನಿಗೆ ಮೊದಲೇ ತರಬೇತಿ ಕೊಟ್ಟದ್ದು ಯಾಕೆ ಅಂತ ನನಗೂ ಆಗಲೇ ತಲೆಗೆ ಹೋದದ್ದು.

ಮಣಿಪಾಲದಿಂದ, ಒಬ್ಬರು ಅಜ್ಜಿ:
ಕನ್ನಡ ಓದು ನಿಧಾನ ಅಂತೀರಲ್ಲ, ಚಿತ್ರ ಬಿಡಿಸುವವರಿಂದ ಶುರು ಮಾಡಮ್ಮ. ಕೆ.ಕೆ. ಹೆಬ್ಬಾರರು 1911ರಲ್ಲಿ ಹುಟ್ಟಿದ್ದು ಇಲ್ಲೇ ಕಟ್ಟಿಂಗೇರಿಯಲ್ಲಿ. ಕುಣಿಯುವವರನ್ನು ಅವರು ನಾಲ್ಕು ಗೆರೆಯಲ್ಲಿ ಹಿಡಿದ ಚಿತ್ರ ತೋರಿಸಿ, ಪೆನ್ಸಿಲ್ ಎತ್ತದೆ ಬೆಕ್ಕು ಬಿಡಿಸು ಅಂತ ಮೊಮ್ಮಗಳಿಗೆ ಹೇಳಿದೆ. ಬೆಕ್ಕು ಬಾಳೆಗೊನೆಯ ಹಾಗೆ ಬಂತು, ಹೋಗಲಿ. ಈಗ "ಆ ಗೆರೆಯ ಅಜ್ಜ" ಅಂತಲೇ ಕರೆಯುವುದು. ಹುಟ್ಟಿದ ಇಸವಿ ಆಮೇಲೆ ಅವಳೇ ಕೇಳಿದಳು.

ಕಾವೂರಿನ ಅಮ್ಮ:
ಬಾಟಲಿ ಕತ್ತರಿಸಿ ಆಯ್ತು, ಮಾಡಿನಿಂದ ದೂರ ಅಂಗಳದ ನಡುವೆಯೇ ಇಟ್ಟಿದ್ದೇವೆ. ನಿನ್ನೆಯಿಂದ ಮಳೆಯೇ ಇಲ್ಲ ಮಾರಾಯ್ರೆ, ಗಂಟೆಗೊಮ್ಮೆ ಹೋಗಿ ಇಣುಕ್ತಾಳೆ. ಅಜ್ಜಿ, ಆ ಗೆರೆಯ ಚಿತ್ರಗಳನ್ನು ನೀವು ಎಲ್ಲಿ ತೋರಿಸಿದ್ದು?