ಪದಚರ್ಚೆ: ಎರಡು ಬಗೆಯ ‘ಮುನ್ಸೂಚಕ’ಕ್ಕೆ ಎರಡು ಪದ ಬೇಕಾಗಿದೆ

ಗೆಳೆಯರೇ,

ತೀವ್ರ ಅಸ್ತಮಾ ಇರುವವರಿಗಾಗಿ ಒಂದು ಮಾಹಿತಿ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬಯೋಲಾಜಿಕ್ ಇಂಜೆಕ್ಷನ್ (ಜೀವಕೋಶಗಳಲ್ಲಿ ತಯಾರಿಸಿದ, ರೋಗದ ಒಂದು ನಿರ್ದಿಷ್ಟ ಕೊಂಡಿಯನ್ನೇ ತಡೆಯುವ ಮದ್ದು) ಯಾರಿಗೆ ಕೆಲಸ ಮಾಡೀತು ಎಂದು ರಕ್ತಪರೀಕ್ಷೆಯಿಂದ ಮೊದಲೇ ಅಂದಾಜು ಮಾಡುವುದು ಅದರ ವಿಷಯ. ಬಯೋಮಾರ್ಕರ್‌ಗೆ (ದೇಹದಲ್ಲಿ ಅಳೆದು ನೋಡಬಹುದಾದ ಗುರುತು) ‘ಜೈವಿಕ ಸೂಚಕ’ ಎಂಬುದು ಬಳಕೆಯಲ್ಲಿದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ತೊಡಕಿರುವುದು ಅದಕ್ಕೆ ಅಂಟುವ ವಿಶೇಷಣದಲ್ಲಿ.

ಮೂಲದಲ್ಲಿ ಪ್ರೊಗ್ನಾಸ್ಟಿಕ್, ಪ್ರಿಡಿಕ್ಟಿವ್ ಎಂಬ ಎರಡು ಬಗೆ ಇವೆ. ಮೊದಲನೆಯದು ರೋಗ ಮುಂದೆ ಹೇಗೆ ಸಾಗಬಹುದು ಎಂದು ಹೇಳುತ್ತದೆ, ಔಷಧ ಯಾವುದೇ ಇರಲಿ. ಎರಡನೆಯದು ಇಂಥದ್ದೇ ಔಷಧ ಕೊಟ್ಟರೆ ಯಾರಿಗೆ ಜಾಸ್ತಿ ಗುಣ ಕಾಣುತ್ತದೆ ಎಂದು ಹೇಳುತ್ತದೆ. ಕನ್ನಡದಲ್ಲಿ ನಾನು ಓದಿದ ಕಡೆಯೆಲ್ಲ ಎರಡಕ್ಕೂ ‘ಮುನ್ಸೂಚಕ’ ಅಂತಲೇ ಹಾಕಿದ್ದಾರೆ. ಬೇರೆ ಕಡೆ ಹೇಗೋ ನಡೆದೀತು, ಇಲ್ಲಿ ನಡೆಯುವುದಿಲ್ಲ.

ಯಾಕೆಂದರೆ ಇಯೋಸಿನೊಫಿಲ್. ಇದು ಬಿಳಿ ರಕ್ತಕಣಗಳಲ್ಲಿ ಒಂದು ಜಾತಿ. ಇದರ ಎಣಿಕೆ ಜಾಸ್ತಿ ಇರುವವರಲ್ಲಿ ಅಸ್ತಮಾ ಮತ್ತೆ ಮತ್ತೆ ಕೆರಳುವ ಅಪಾಯವೂ ಜಾಸ್ತಿ. ಅಲ್ಲಿಗೆ ಅದು ಮೊದಲ ಬಗೆಯ ಸೂಚಕ. ಇನ್ನು ಮೆಪೊಲಿಜುಮ್ಯಾಬ್, ಬೆನ್ರಲಿಜುಮ್ಯಾಬ್ ಇವು ಇಂಟರ್‌ಲ್ಯೂಕಿನ್-5ರ (ರೋಗನಿರೋಧಕ ಕಣಗಳ ನಡುವೆ ಸಂದೇಶ ಒಯ್ಯುವ ಒಂದು ಪ್ರೋಟೀನ್) ದಾರಿಗೆ ಅಡ್ಡ ನಿಲ್ಲುವ ಬಯೋಲಾಜಿಕ್ ಮದ್ದುಗಳು. ಈ ಕಣಗಳು ಬೆಳೆದು ಬಾಳುವುದಕ್ಕೆ ಮುಖ್ಯವಾಗಿ ಬೇಕಾಗಿರುವುದು ಆ ದಾರಿಯೇ. ಹಾಗಾಗಿ ಎಣಿಕೆ ಹೆಚ್ಚಿದ್ದವರಿಗೆ ಈ ಮದ್ದುಗಳಿಂದ ಲಾಭವೂ ಹೆಚ್ಚು. ಒಂದು ಮೈಕ್ರೊಲೀಟರ್ ರಕ್ತದಲ್ಲಿ 150, 300 ಕಣ ಎಂಬ ಗಡಿಗಳನ್ನು ಇಟ್ಟುಕೊಂಡಿರುವುದು ಇದಕ್ಕೇ. ಅಲ್ಲಿಗೆ ಅದು ಎರಡನೆಯ ಬಗೆಯೂ ಆಯಿತು. ಒಂದೇ ರಿಪೋರ್ಟು, ಒಂದೇ ಅಂಕಿ, ಎರಡು ಬೇರೆ ಮಾತು. ‘ಮುನ್ಸೂಚಕ’ ಎಂದು ಬರೆದರೆ ಓದುವವರು ಯಾವುದನ್ನು ಹಿಡಿಯಬೇಕು?

ಸ್ಟೆರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ ಈ ಎಣಿಕೆ ಇಳಿದಿರುತ್ತದೆ ಎಂಬುದು ಬೇರೆ ಮಾತು. ಅದನ್ನು ಬರಹದಲ್ಲಿ ಹೇಳಲೇಬೇಕು, ಆದರೆ ಪದದ ಸಮಸ್ಯೆ ಅಲ್ಲ.

ಐಜಿಇ (ಅಲರ್ಜಿಯಲ್ಲಿ ಪಾತ್ರವಿರುವ ಪ್ರತಿಕಾಯ) ನೋಡಿ, ಅದು ಇನ್ನೂ ಮಜಾ. ಐಜಿಇಯನ್ನೇ ಹಿಡಿದು ತಡೆಯುವ ಬಯೋಲಾಜಿಕ್ ಆದ ಒಮಲಿಜುಮ್ಯಾಬ್ ಎಷ್ಟು ಕೊಡಬೇಕು ಎನ್ನುವುದನ್ನು ರಕ್ತದ ಒಟ್ಟು ಐಜಿಇ ಮತ್ತು ದೇಹದ ತೂಕ ಸೇರಿಸಿ ಲೆಕ್ಕ ಹಾಕುತ್ತಾರೆ. ಆದರೆ ಆ ಮದ್ದಿನಿಂದ ಗುಣ ಕಾಣುತ್ತದೋ ಇಲ್ಲವೋ ಎನ್ನುವುದನ್ನು ಅದೇ ಐಜಿಇ ಸರಿಯಾಗಿ ಹೇಳುವುದಿಲ್ಲ. ಮದ್ದು ಶುರುವಾದ ಮೇಲೆ ಒಟ್ಟು ಐಜಿಇ ಏರುತ್ತದೆ ಬೇರೆ. ಇದನ್ನೂ ಸುಮ್ನೆ ‘ಮುನ್ಸೂಚಕ’ದ ಗುಂಪಿಗೆ ತಳ್ಳಿದರೆ ತಪ್ಪೇ ಆಗುತ್ತದೆ.

ಮೊದಲ ಬಗೆಗೆ ‘ರೋಗಗತಿ ಸೂಚಕ’ ಎಂದು ಬರೆದುಕೊಂಡಿದ್ದೇನೆ. ತುಸು ಭಾರ ಅನ್ನಿಸಿದರೂ ಅರ್ಥ ಜಾರುವುದಿಲ್ಲ. ಎರಡನೆಯದೇ ಕಷ್ಟ. ‘ಪ್ರತಿಕ್ರಿಯಾ ಸೂಚಕ’ ಬೇಡ. ಔಷಧದ ಪ್ರತಿಕ್ರಿಯೆ ಅಂದರೆ ನಮ್ಮ ಕಿವಿಗೆ ‘ರಿಯಾಕ್ಷನ್ ಆಯಿತು’ ಅಂತ ಕೇಳುತ್ತದೆ, ಅಂದರೆ ಮೈಮೇಲೆ ದದ್ದು ಎದ್ದಿತು ಅಂತ. ಸರಿ ಉಲ್ಟಾ ಅರ್ಥ! ‘ಚಿಕಿತ್ಸೆಗೆ ಸ್ಪಂದಿಸುತ್ತಿದ್ದಾರೆ’ ಎಂಬ ಪತ್ರಿಕೆಯ ಮಾತಿನಿಂದ ‘ಸ್ಪಂದನ ಸೂಚಕ’ ಮಾಡಬಹುದು. ಆದರೆ ಅದನ್ನು ಓದಿದರೆ ಹೃದಯದ ಬಡಿತ ನೆನಪಾಗುತ್ತದೆ. ‘ಫಲಸೂಚಕ’ ಚಿಕ್ಕದು, ಚೊಕ್ಕವಾಗಿದೆ. ರಾಶಿಫಲದ ವಾಸನೆ ಬರುತ್ತದೆ ಅಷ್ಟೇ.

ಆಡುಮಾತಿನಲ್ಲಿ ‘ಮದ್ದು ನಾಟಿತು’ ಅನ್ನುತ್ತೇವೆ, ಅಲ್ವಾ? ಕೆಲವರು ‘ಹತ್ತಿತು’, ‘ಹಿಡಿಯಿತು’ ಎನ್ನುತ್ತಾರೆ, ಕೆಲವರು ‘ತಾಗಿತು’ ಎನ್ನುತ್ತಾರೆ. ನನ್ನ ಒಲವು ‘ನಾಟು’ ಕಡೆಗೆ. ‘ಮೆಪೊಲಿಜುಮ್ಯಾಬ್ ನಾಟುವ ಸೂಚಕ’ ಅಂದರೆ ಯಾವ ಮದ್ದಿಗೆ ಎಂಬುದೂ ಜೊತೆಗೇ ಬರುತ್ತದೆ, ಅದು ಬೇಕೇ ಬೇಕು. ಟೆಜೆಪೆಲುಮ್ಯಾಬ್ ಎಂಬ ಇನ್ನೊಂದು ಬಯೋಲಾಜಿಕ್ ಇಯೋಸಿನೊಫಿಲ್ ಕಡಿಮೆ ಇರುವವರಲ್ಲೂ ಒಂದಷ್ಟು ಕೆಲಸ ಮಾಡುತ್ತದೆ. ಹಾಗಾಗಿ ಮದ್ದಿನ ಹೆಸರು ಬಿಟ್ಟು ಬರೀ ಸೂಚಕ ಎಂದರೆ ಅರ್ಧ ಮಾತು.

ನನ್ನ ಪ್ರಶ್ನೆಗಳು ಇವು. ‘ನಾಟುವ ಸೂಚಕ’ ನಿಮ್ಮ ಕಡೆ ಓದಿದ ಕೂಡಲೇ ತಿಳಿಯುತ್ತದೆಯೇ, ಅಥವಾ ಸಸಿ ನಾಟುವುದು ನೆನಪಾಗುತ್ತದೆಯೇ? ಮತ್ತೆ, ಬೆನ್ರಲಿಜುಮ್ಯಾಬ್ ಕೊಟ್ಟ ಮೇಲೆ ಹೆಚ್ಚಿನವರ ರಕ್ತದಲ್ಲಿ ಇಯೋಸಿನೊಫಿಲ್ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ, ಆದರೆ ಅವರಲ್ಲಿ ಎಲ್ಲರ ಅಸ್ತಮಾವೂ ಹತೋಟಿಗೆ ಬರುವುದಿಲ್ಲ. ಮದ್ದು ರಕ್ತಕ್ಕೆ ನಾಟಿದೆ, ರೋಗಕ್ಕೆ ನಾಟಿಲ್ಲ ಎನ್ನುವ ಈ ಸ್ಥಿತಿಗೂ ‘ನಾಟು’ ಒಗ್ಗುತ್ತದೆಯೇ, ಇಲ್ಲ ಅದಕ್ಕೆ ಬೇರೆ ಕ್ರಿಯಾಪದ ಹುಡುಕಬೇಕೇ?